ಹಿನ್ನೀರಿನೊಳಗಿನ ಬಂಡಿದಾರಿ

ಜನವರಿ ಹತ್ತು, ಶನಿವಾರ. ಸಂಜೆ ಏಳು ದಾಟಿದ ಮೇಲೆ ತೇರದಾಳದ ಕಿರಾಣಿ ವ್ಯಾಪಾರಿ ನೇಮಿರಾಜ ತೋಯ್ದ ಬಟ್ಟೆಯಲ್ಲೇ ಬೀಳಗಿ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟ. ಅವನು ಹೇಳಿದ್ದನ್ನು ಕಾನ್‌ಸ್ಟೇಬಲ್ ಸುವರ್ಣಾ ಬರೆದುಕೊಂಡಳು.

ದೂರಿನ ಸಾರಾಂಶ ಇಷ್ಟು. ರಜೆ ಇದ್ದುದರಿಂದ ನೇಮಿರಾಜ ಹೆಂಡತಿ ಮತ್ತು ತಮ್ಮನ ಸಂಸಾರದೊಂದಿಗೆ ಕೃಷ್ಣಾ ಹಿನ್ನೀರಿನ ದಂಡೆಯ ಕ್ಯಾಂಪಿಗೆ ಬಂದಿದ್ದ. ಮಧ್ಯಾಹ್ನ ಇಂಜಿನ್ ದೋಣಿಯಲ್ಲಿ ಹಕ್ಕಿ ನೋಡಲು ಹೋಗಿ, ಸಂಜೆ ಆರಕ್ಕೆ ಸ್ವಲ್ಪ ಮೊದಲು ಹಿಂದಿರುಗುವಾಗ, ದೋಣಿ ನಡೆಸುವ ಹುಲೆಪ್ಪ ಅಂಬಿಗೇರ ಎಂಬವನು ಕುಡಿದ ಅಮಲಿನಲ್ಲಿ ದಾರಿ ತಪ್ಪಿ ನೀರೊಳಗಿನ ಗೋಡೆಗೆ ದೋಣಿ ಹೊಡೆಸಿದ. ದೋಣಿ ಮಗುಚಿತು. ಉಳಿದವರನ್ನು ಹುಲೆಪ್ಪ ಮತ್ತು ಮೀನುಗಾರರು ದಡಕ್ಕೆ ಎಳೆದು ಹಾಕಿದರು. ನೇಮಿರಾಜನ ಹೆಂಡತಿ ಉಜ್ವಲಾ, ವಯಸ್ಸು ಮೂವತ್ತಾರು, ಮುಳುಗಿ ತೀರಿಕೊಂಡಳು.

ಪಿಎಸ್‌ಐ ಶಿವಪುತ್ರ ದೂರನ್ನು ಓದಿ ಕೆಳಗಿಟ್ಟ. ಐವತ್ತು ಸಮೀಪಿಸಿದ, ಸಿಡುಕಿನ ಮನುಷ್ಯ. ಆದರೆ ತೋಯ್ದು ಕೂತವನ ಮುಂದೆ ದನಿ ಇಳಿಸಿಯೇ ಕೇಳಿದ.

"ಕುಡಿದಿದ್ದ ಅಂತ ಬರಿಸೀರಿ. ನೀವು ನೋಡಿದ್ರೇನು?"

"ಇಲ್ರಿ. ಕ್ಯಾಂಪಿನ ಮಾಲಕ ಹೇಳಿದ್ರಿ."

"ಬಾಯಿ ವಾಸನಿ?"

"ಬರಲಿಲ್ರಿ." ನೇಮಿರಾಜ ತಾನಾಗಿಯೇ ಮುಂದುವರಿಸಿದ. "ನಾವು ಜೈನರ್ರಿ, ಹೊತ್ತು ಮುಳುಗೂದ್ರಾಗ ನಮ್ಮದು ಊಟ ಆಗಬೇಕ್ರಿ. ತಡ ಆಕ್ಕೈತಿ, ಲಗೂ ನಡಿಯಪಾ ಅಂತ ನಾನ ಅವಸರ ಮಾಡಿದ್ನಿ. ಆಕಿ ಅಂದ್ಳು, ಒಂದು ಹೊತ್ತು ಉಪವಾಸ ಇದ್ರ ಏನಾತು ಅಂತ. ನಾ ಕೇಳಲಿಲ್ಲ."

ಇದನ್ನು ಸುವರ್ಣಾ ದೂರಿನಲ್ಲಿ ಬರೆಯಲಿಲ್ಲ. ಬರೆಯಬೇಕೆಂದು ಶಿವಪುತ್ರನೂ ಹೇಳಲಿಲ್ಲ.

ಕುಡಿದಿದ್ದನೆಂದು ದೂರಿನಲ್ಲಿ ಇದ್ದುದರಿಂದ ಎಫ್‌ಐಆರ್‌ನಲ್ಲಿ ಜಾಮೀನು ಸಿಗದ ಕಲಂ ಹಾಕಬೇಕಾಯಿತು. ಹುಲೆಪ್ಪನನ್ನು ದಂಡೆಯಿಂದಲೇ ಕರೆತಂದು ಲಾಕಪ್‌ನಲ್ಲಿ ಕೂರಿಸಲಾಯಿತು. ತಾಲೂಕು ಆಸ್ಪತ್ರೆಯ ವೈದ್ಯರು ಬಾಯಿಯಲ್ಲಿ ಮದ್ಯದ ವಾಸನೆ ಇಲ್ಲವೆಂದು ಬರೆದುಕೊಟ್ಟು, ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಆ ವರದಿ ಬರಲು ವಾರಗಳು ಬೇಕು. ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಮರುದಿನ ಸಂಜೆಯವರೆಗೆ ಮಾತ್ರ ಸಮಯ. ಒಮ್ಮೆ ಹಾಜರುಪಡಿಸಿದರೆ ಹುಲೆಪ್ಪ ನೇರವಾಗಿ ಜೈಲಿಗೆ ಹೋಗುತ್ತಾನೆ. ಬಿಡಿಸಿ ತರಲು ವಕೀಲರನ್ನು ಹಿಡಿಯುವ ಶಕ್ತಿ ಅವನ ಮನೆಯವರಿಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಪಂಚನಾಮೆಗೆ ಹೊರಟಾಗ ಹುಲೆಪ್ಪನ ಹೆಂಡತಿ ಅನಸವ್ವ ಠಾಣೆಯ ಮೆಟ್ಟಿಲ ಮೇಲೆ ರೊಟ್ಟಿಯ ಗಂಟು ಹಿಡಿದು ಕೂತಿದ್ದಳು. ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಜೀಪಿಗೆ ಅಡ್ಡ ನಿಂತು ಶಿವಪುತ್ರನಿಗೆ ಒಂದೇ ಮಾತು ಹೇಳಿದಳು.

"ಸಾಹೇಬ್ರ, ನನ ಗಂಡ ಕುಡದಿದ್ರ ನಿಮಗಿಂತ ಮದ್ಲ ನಾ ಹೊಡಿತಿದ್ನಿ."

"ದಾರಿ ಬಿಡವಾ," ಎಂದ ಶಿವಪುತ್ರ.

ಕ್ಯಾಂಪು ಜಮಖಂಡಿಯ ಗೌರೀಶನದು. ಅಪ್ಪನ ಕಬ್ಬಿನ ದುಡ್ಡಿನಲ್ಲಿ ದಂಡೆಯ ಹೊಲ ಹಿಡಿದು ಡೇರೆ ಹೊಡೆದಿದ್ದ. ಬಾಗಿಲಲ್ಲಿ ದೊಡ್ಡ ಫಲಕ ನಿಂತಿತ್ತು. ಎರಡು ದಿನದ ರಜೆಯಲ್ಲಿ ಏನೇನು ಮಾಡಬಹುದೆಂದು ಅದರಲ್ಲಿ ಬಣ್ಣಬಣ್ಣವಾಗಿ ಬರೆದಿದ್ದರು. ಬೆಳಿಗ್ಗೆ ರಾಜಹಂಸ ಹಕ್ಕಿ ನೋಡುವುದು, ನೀರಿಗೆ ಇಳಿದು ಆಡುವುದು, ದಂಡೆಯ ಮೇಲೆ ಬಿಸಿ ಬಿಸಿ ಮೀನು, ಕತ್ತಲಾದರೆ ಬೆಂಕಿ ಮತ್ತು ಹಾಡು. ಕೊನೆಯಲ್ಲಿ ಉಳಿದೆಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ಮುಳುಗಿದ ಊರಿನ ಮೇಲೆ ದೋಣಿ ವಿಹಾರ.

ಆ ಮುಳುಗಿದ ಊರೇ ಹಳೇ ಕೊಪ್ಪದಾಳ. ಆಲಮಟ್ಟಿಯ ನೀರು ನಿಂತಾಗ ಅಲ್ಲಿಯ ಜನ ಎದ್ದು ಹೋದರು. ಕೆಲವರು ಎತ್ತರದಲ್ಲಿ ಕಟ್ಟಿಕೊಟ್ಟ ಹೊಸ ಕೊಪ್ಪದಾಳಕ್ಕೆ, ಕೆಲವರು ದುಡಿಮೆ ಇದ್ದ ಕಡೆಗೆ. ಪೇಟೆಯಿಂದ ಬರುವವರಿಗೆ ಅದು ನೋಡುವ ಜಾಗ. ಅಲ್ಲಿ ಹುಟ್ಟಿದವರಿಗೆ ಅದು ಊರು. ಇಷ್ಟು ಸಣ್ಣ ಮಾತು ಫಲಕ ಬರೆಸಿದವನ ತಲೆಗೆ ಹೋಗಿರಲಿಲ್ಲ.

ಗೌರೀಶ ದಂಡೆಯಲ್ಲೇ ಕಾಯುತ್ತಿದ್ದ. ದೋಣಿಗೆ ಪರವಾನಗಿ ಇದೆಯೇ ಎಂದು ಶಿವಪುತ್ರ ಕೇಳಿದ. ಅರ್ಜಿ ಹಾಕಿದ್ದೇನೆ ಎಂದ. ತೇಲುವ ಜಾಕೀಟು ಎಲ್ಲರಿಗೂ ಇದ್ದವೇ ಎಂದರೆ, ಇದ್ದವು, ಕೆಲವರು ಹಾಕಿಕೊಳ್ಳಲಿಲ್ಲ ಎಂದ. ಸುವರ್ಣಾ ಕೋಣೆಗೆ ಹೋಗಿ ಎಣಿಸಿ ಬಂದಳು. ದೋಣಿಯಲ್ಲಿದ್ದ ಜನರ ಅರ್ಧಕ್ಕೂ ಜಾಕೀಟು ಸಾಲುತ್ತಿರಲಿಲ್ಲ.

"ಅದೆಲ್ಲಾ ಇರಲ್ರಿ ಸರ," ಎಂದ ಗೌರೀಶ. "ಮೂಲ ತಪ್ಪು ಅವಂದು. ಡಬ್ಬಿ ಬಿಟ್ಟು ಹೊರಗ ಹೋಗ್ಯಾನ."

ನೀರೊಳಗೆ ಹಳೇ ಗೋಡೆ, ಮರದ ಬೊಡ್ಡೆ ಇರುವುದರಿಂದ ಹುಲೆಪ್ಪ ದೋಣಿಯ ದಾರಿಗೆ ಎರಡು ಸಾಲು ಬಿಳಿ ಎಣ್ಣೆ ಡಬ್ಬಿ ತೇಲಿ ಬಿಟ್ಟಿದ್ದ. ಒಂದೊಂದು ಡಬ್ಬಿಗೂ ಹಗ್ಗ, ಹಗ್ಗದ ತುದಿಗೆ ಕಲ್ಲು. ಎರಡು ಸಾಲುಗಳ ನಡುವೆ ಹೋದರೆ ದೋಣಿಗೆ ಏನೂ ತಾಗುವುದಿಲ್ಲ.

ಪಂಚರನ್ನು ಮತ್ತು ಹುಲೆಪ್ಪನನ್ನು ಮೀನುಗಾರರ ದೋಣಿಯಲ್ಲಿ ಹತ್ತಿಸಿಕೊಂಡು ಶಿವಪುತ್ರ ಅಪಘಾತದ ಜಾಗಕ್ಕೆ ಹೋದ. ಒಡೆದ ದೋಣಿ ಇನ್ನೂ ಅಲ್ಲೇ ಕಲ್ಲಿಗೆ ಸಿಕ್ಕಿಕೊಂಡು ಹೊಟ್ಟೆ ಮೇಲೆ ಮಾಡಿ ಬಿದ್ದಿತ್ತು. ಬಿದಿರು ಇಳಿಸಿ ನೋಡಿದರು. ಊರ ಹೆಬ್ಬಾಗಿಲಾದ ಅಗಸಿಯ ಗೋಡೆ ನೀರಿಗಿಂತ ಒಂದು ಗೇಣು ಕೆಳಗಿತ್ತು. ದೋಣಿ ಬಿದ್ದದ್ದು ಡಬ್ಬಿಗಳ ಹೊರಗಲ್ಲ, ಸರಿಯಾಗಿ ನಡುವೆ. ಇದನ್ನು ಪಂಚನಾಮೆಯಲ್ಲಿ ಬರೆಸಿ, ಶಿವಪುತ್ರ ಹುಲೆಪ್ಪನ ಕಡೆ ತಿರುಗಿದ.

"ಗ್ವಾಡಿ ಮ್ಯಾಲೆ ದಾರಿ ಮಾಡಿಯಲ್ಲೋ. ತಲಿ ಐತಿಲ್ಲೋ ನಿನಗ?"

"ನಾ ಡಬ್ಬಿ ಕಟ್ಟಿದ್ದು ಇಲ್ಲಲ್ರಿ." ಹುಲೆಪ್ಪ ಬಲಗಡೆ ದೂರಕ್ಕೆ ಕೈ ಮಾಡಿದ. "ಅಲ್ಲಿ. ಅಲ್ಲಿ ಆಳ ಭಾಳ ಐತ್ರಿ."

"ಹುಟ್ಟಿದ ಊರು ನಿಂದು. ಅಗಸಿ ಎಲ್ಲೈತಿ ಅಂತ ಗೊತ್ತಾಗಲಿಲ್ಲೇನು?"

"ಇಂಜಿನ್ ಕೆಟ್ಟು ಇಪ್ಪತ್ತು ದಿನ ದೋಣಿ ದಂಡಿಗಿತ್ರಿ, ನಿನ್ನೆ ಹೋಗೂವಾಗ ದಂಡಿ ಹಿಡಕೊಂಡು ಹಕ್ಕಿ ಕಡೆ ಹೋದ್ವಿ. ಹೊಳ್ಳಿ ಬರೂವಾಗ ಸೂರ್ಯಾ ಎದುರಿಗಿದ್ದ್ರಿ. ನೀರೆಲ್ಲಾ ಒಂದ ಥರಾ ಹೊಳಿಯಾಕತ್ತಿತ್ತು. ಇವರು ಅವಸರ ಮಾಡಿದ್ರು, ಡಬ್ಬಿ ನೋಡಿದ್ನಿ, ಬಿಟ್ನಿ." ಅವನು ತೇಲುವ ಡಬ್ಬಿಗಳ ಕಡೆ ಕೈ ಮಾಡಿದ. "ಡಬ್ಬಿ ಸರದಿರತಾವ ಅಂತ ಯಾರು ತಿಳೀತಾರ್ರಿ? ಒಬ್ಬರ ಡಬ್ಬಿ ಒಬ್ಬರು ಮುಟ್ಟೂದಿಲ್ಲ ನಮ್ಮಾಗ."

ಅದು ನಿಜ. ಹಿನ್ನೀರಿನಲ್ಲಿ ಬಲೆ ಹಾಕುವವರ ಕಟ್ಟಳೆ ಅದು. ಇನ್ನೊಬ್ಬನ ಡಬ್ಬಿ ಗಾಳಿಗೆ ಕಿತ್ತು ತೇಲಿ ಬಂದರೂ ಕೈ ಹಚ್ಚುವುದಿಲ್ಲ. ಮನೆಗೆ ಹೋಗಿ ಹೇಳುತ್ತಾರೆ, ಅವನೇ ಬಂದು ಹಿಡಿದುಕೊಂಡು ಹೋಗಬೇಕು. ದೋಣಿಯಲ್ಲಿದ್ದ ಮೀನುಗಾರರೂ ತಲೆಯಾಡಿಸಿದರು. ಹುಲೆಪ್ಪ ಕೈ ತೋರಿಸಿದ ಜಾಗಕ್ಕೆ ದೋಣಿ ಒಯ್ಯಲು ಶಿವಪುತ್ರ ಹೇಳಿದ. ಅಲ್ಲಿ ಗಾಳ ಬಿಟ್ಟು ಎಳೆದಾಗ ಕೆಸರಿನಿಂದ ಒಂದು ಕಲ್ಲು ಎದ್ದು ಬಂತು. ಅದಕ್ಕೆ ಹಸಿರು ನೈಲಾನ್ ಹಗ್ಗದ ಮೊಂಡು ತುಂಡು. ಸವೆದು ಹರಿದದ್ದಲ್ಲ, ಹರಿತವಾದದ್ದರಿಂದ ಕೊಯ್ದದ್ದು. ಸ್ವಲ್ಪ ಮುಂದೆ ಇನ್ನೊಂದು ಅಂಥದೇ ಕಲ್ಲು ಸಿಕ್ಕಿತು.

ಅಗಸಿಯಿಂದ ಹೊರಡುವಾಗಲೇ ಸುವರ್ಣಾ ಅಲ್ಲಿಯ ಡಬ್ಬಿಯೊಂದನ್ನು ಎತ್ತಿ ದೋಣಿಯಲ್ಲಿ ಇಟ್ಟುಕೊಂಡಿದ್ದಳು. ಅದಕ್ಕೆ ನೈಲಾನ್ ಇರಲಿಲ್ಲ. ಬಣ್ಣಬಣ್ಣದ ನೂಲಿನ ಎಳೆಗಳನ್ನು ಸೇರಿಸಿ ಹೊಸೆದ ಹಗ್ಗ ಇತ್ತು. ಸುವರ್ಣಾ ಬನಹಟ್ಟಿಯ ಮಗ್ಗದ ಮನೆಯವಳು. ಸಾಹೇಬರೆ, ಸೀರೆ ನೇಯ್ದು ಉಳಿದ ನೂಲು ಇದು, ನಮ್ಮ ಕಡೆ ಇದರಲ್ಲೇ ಹಗ್ಗ ಮಾಡುತ್ತೇವೆ ಎಂದಳು. ಹಗ್ಗಕ್ಕೆ ಹಗ್ಗ ಕೂಡಿಸಿದ ಕಡೆ ಗಂಟು ಸಣ್ಣದಾಗಿ, ಚಪ್ಪಟೆಯಾಗಿತ್ತು. ಮಗ್ಗದಲ್ಲಿ ಹರಿದ ಎಳೆಗೆ ಹಾಕುವ ಗಂಟು ಅದು. ಮೀನುಗಾರರು ಹಾಗೆ ಹಾಕುವುದಿಲ್ಲ.

ಹುಲೆಪ್ಪ ಆ ಗಂಟು ನೋಡಿ ಮುಖ ಬೇರೆ ಕಡೆ ತಿರುಗಿಸಿದ. ಶಿವಪುತ್ರ ಅದನ್ನು ಗಮನಿಸಿದ.

"ಯಾರಲೇ?"

"ಗೊತ್ತಿಲ್ರಿ."

"ಜೈಲಿಗೆ ಹೋಗಾಂವ ನೀನು. ನಾ ಅಲ್ಲ."

"ಗೊತ್ತಿಲ್ಲದ್ದು ಹೆಂಗ ಹೇಳ್ಲ್ರಿ," ಎಂದ ಹುಲೆಪ್ಪ. ಮತ್ತೆ ಎಷ್ಟು ಬೈದರೂ ಅವನು ಬಾಯಿ ತೆರೆಯಲಿಲ್ಲ.

ಆಗ ಹನ್ನೊಂದು ಗಂಟೆ. ಶಿವಪುತ್ರ ಹೊಸ ಕೊಪ್ಪದಾಳಕ್ಕೆ ಜೀಪು ತಿರುಗಿಸಿದ. ಹಳೇ ಊರಿನ ಹಿರಿಯ ಚನಮಲ್ಲಪ್ಪ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ಸತ್ತ ಸುದ್ದಿ ಅವನಿಗೆ ಮುಟ್ಟಿತ್ತು. ಊರು ಹೇಗಿತ್ತು ಎಂದು ಕೇಳಿದ್ದೇ ಅವನು ಬಡಿಗೆಯಿಂದ ಮಣ್ಣಿನಲ್ಲಿ ಗೆರೆ ಎಳೆಯಲು ಶುರು ಮಾಡಿದ. ಇದು ಅಗಸಿ. ಇದು ಹಣಮಪ್ಪನ ಗುಡಿ. ಇದು ಅಗಸಿಯೊಳಗೆ ಬರುವ ಬಂಡಿದಾರಿ. ಡಬ್ಬಿಗಳು ಈಗ ನಿಂತ ಜಾಗವನ್ನು ಶಿವಪುತ್ರ ಒಂದೊಂದಾಗಿ ಬೆರಳಿನಿಂದ ಗುರುತು ಮಾಡಿದ. ಚನಮಲ್ಲಪ್ಪ ಕಣ್ಣು ಕಿರಿದು ಮಾಡಿ ನೋಡಿದ.

"ಇದು ಬಂಡಿದಾರಿನ ಆತಲ್ರಿ. ಎರಡೂ ಕಡೆ ಬದು ಹಿಡಕೊಂಡು ಸೀದಾ ಅಗಸಿಗೆ ಬಂದಾವು."

"ಮದ್ಲ ಇಲ್ಲಿದ್ದು." ಶಿವಪುತ್ರ ಬಲಕ್ಕೆ ಗುರುತು ಮಾಡಿದ. "ಇಲ್ಲೇನಿತ್ತು?"

ಚನಮಲ್ಲಪ್ಪನ ಬಡಿಗೆ ನಿಂತಿತು. "ರುದ್ರಭೂಮಿ," ಎಂದ.

ಮುಂದಿನದನ್ನು ಅವನೇ ಹೇಳಿದ, ನಿಧಾನವಾಗಿ, ನಡುನಡುವೆ ನಿಲ್ಲಿಸುತ್ತ. ಪ್ರತಿ ಬೇಸಿಗೆಯಲ್ಲಿ ನೀರು ಇಳಿದಾಗ ಸಮಾಧಿಗಳು ಬಯಲಾಗುತ್ತವೆ. ಎಲ್ಲೆಲ್ಲಿಗೋ ಹೋದವರೂ ಆಗ ಬಂದು ತಮ್ಮವರ ಸಮಾಧಿ ತೊಳೆದು, ವಿಭೂತಿ ಹಚ್ಚಿ, ಎಡೆ ಹಿಡಿದು ಹೋಗುತ್ತಾರೆ. ಹೋದ ಬೇಸಿಗೆಯಲ್ಲಿ ಕ್ಯಾಂಪಿನವರು ಬಯಲಾದ ಜಾಗ ಚೆನ್ನಾಗಿದೆಯೆಂದು ಅಲ್ಲಿಯೇ ಡೇರೆ ಹೊಡೆದರು. ಸಮಾಧಿಯ ಕಲ್ಲು ಕಿತ್ತು ಒಲೆ ಹೂಡಿ ಮೀನು ಹುರಿದರು. ಬನಹಟ್ಟಿಯಿಂದ ಬಂದಿದ್ದ ಗುರುಸಿದ್ದ ಅದನ್ನು ಕಣ್ಣಾರೆ ನೋಡಿದ. ಅವನ ಹೆಂಡತಿ ಗುರುಬಸವ್ವಳ ಕಲ್ಲು ಅದು. ಊರು ಏಳುವ ವರ್ಷ ಹೆರಿಗೆಯಲ್ಲಿ ಹೋದವಳು, ಕೂಸೂ ಅವಳ ಸಂಗಡವೇ.

"ಜಗಳ ಆತೇನು?"

"ಅಂವ ಜಗಳ ಮಾಡಾಂವಲ್ಲ. ಮಾಲಕನ ಕಡೆ ಹೋಗಿ ಕೈ ಮುಗದ. ಅಂವ ಏನಂದ ಗೊತ್ತೈತೇನ್ರಿ? ಕಲ್ಲಿನ ಮ್ಯಾಲೆ ನಿನ್ನ ಹೆಸರು ಬರದೈತೇನು ಅಂದ."

ಶಿವಪುತ್ರ ಎದ್ದು ನಿಂತ. ಅವನ ಕಿವಿ ಕೆಂಪಾಗಿತ್ತು. ಸುವರ್ಣಾಳಿಗೆ ಆ ಬಣ್ಣ ಗೊತ್ತು, ಅವಳು ಮಾತಾಡದೆ ಜೀಪು ಹತ್ತಿದಳು.

ಜಮಖಂಡಿ ದಾಟಿ ಬನಹಟ್ಟಿ ಮುಟ್ಟುವಾಗ ಒಂದೂವರೆ. ಗುರುಸಿದ್ದ ದುಡಿಯುವ ಮಗ್ಗದ ಶೆಡ್ಡನ್ನು ಹುಡುಕುವುದು ಸುವರ್ಣಾಳಿಗೆ ಕಷ್ಟವಾಗಲಿಲ್ಲ. ಒಳಗೆ ಮಗ್ಗಗಳ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಕೊನೆಯ ಮಗ್ಗದಲ್ಲಿ ಐವತ್ತು ದಾಟಿದ ಸಣಕಲು ಮನುಷ್ಯ ಹರಿದ ಎಳೆಗೆ ಗಂಟು ಹಾಕುತ್ತಿದ್ದ. ಬಾಗಿಲಲ್ಲಿ ಖಾಕಿ ಕಂಡಿದ್ದೇ ಅವನು ಆ ಗಂಟನ್ನು ಪೂರ್ತಿ ಮಾಡಿ, ಮಗ್ಗ ನಿಲ್ಲಿಸಿ, ಕೈ ಒರೆಸಿಕೊಂಡು ಹೊರಗೆ ಬಂದ.

"ಹುಲೆಪ್ಪನ್ನ ಬಿಟ್ರೇನ್ರಿ?" ಇದು ಅವನ ಮೊದಲ ಮಾತು.

"ನೀ ಹೇಳಿದ್ರ ಬಿಡತೇವಿ."

"ಊರಿಂದ ಸುದ್ದಿ ಬಂತ್ರಿ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ತನಕಾ ಬಂದಿದ್ನ್ರಿ. ಬೀಳಗಿ ಬಸ್ಸು ಬಂತು. ಹತ್ತೂದಾಗಲಿಲ್ಲ." ಅವನು ಶೆಡ್ಡಿನ ಬಾಗಿಲ ಕಡೆ ತೋರಿಸಿದ. "ಹೊಳ್ಳಿ ಬಂದು ಮಗ್ಗ ಹಚ್ಚಿದ್ನ್ರಿ."

ಶೆಡ್ಡಿನ ಹಿಂದಿನ ಬೇವಿನ ಕೆಳಗೆ ಕೂರಿಸಿ ಹೇಳಿಕೆ ತೆಗೆದುಕೊಂಡರು. ಮೂರು ವಾರದ ಹಿಂದೆ ಎಳ್ಳಮವಾಸ್ಯೆಗೆ ಅವನು ಎರಡನೇ ಹೆಂಡತಿಯ ಸಂಗಡ ಹಿನ್ನೀರಿನ ದಂಡೆಗೆ ಹೋಗಿದ್ದ. ಹೊಲ ಇದ್ದವರು ಆ ದಿನ ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಅಡಿಗೆಯ ಚರಗ ಚೆಲ್ಲುತ್ತಾರೆ. ಗುರುಸಿದ್ದನ ಹೊಲ ನೀರೊಳಗಿದೆ, ಆದ್ದರಿಂದ ದಂಡೆಯಲ್ಲಿ ನಿಂತು ನೀರಿಗೇ ಚೆಲ್ಲುತ್ತಾನೆ. ಹಾಗೆ ಚೆಲ್ಲುತ್ತಿದ್ದಾಗ ಕ್ಯಾಂಪಿನ ದೋಣಿ ಬಂದು ಸರಿಯಾಗಿ ರುದ್ರಭೂಮಿಯ ಮೇಲೆ ನಿಂತಿತು. ಹಾಡು ಹಚ್ಚಿ ಕುಣಿದರು. ಒಬ್ಬ ಖಾಲಿ ಬಾಟಲಿ ನೀರಿಗೆ ಎಸೆದ. ಮತ್ತೊಬ್ಬ ಎದ್ದು ನಿಂತು ಅಲ್ಲೇ ಉಚ್ಚೆ ಹೊಯ್ದ.

ಎರಡು ದಿನ ಬಿಟ್ಟು ಗುರುಸಿದ್ದ ಒಬ್ಬನೇ ಬಂದ. ನದಿ ಊರಿನವನು, ಈಜು ಬರುತ್ತಿತ್ತು. ಕುಡುಗೋಲಿನಿಂದ ಹುಲೆಪ್ಪನ ಹಗ್ಗ ಕೊಯ್ದು, ತನ್ನ ಹಗ್ಗಕ್ಕೆ ದಂಡೆಯ ಕಲ್ಲು ಕಟ್ಟಿ, ಡಬ್ಬಿಗಳನ್ನು ಒಂದೊಂದಾಗಿ ಎಳೆದೊಯ್ದು ಬೇರೆ ಕಡೆ ಬಿಟ್ಟ.

"ಬೇರೆ ಕಡೆ ಅಂದ್ರ ಅಗಸಿ ಮ್ಯಾಲೆ ಯಾಕ?" ಶಿವಪುತ್ರ ಕೇಳಿದ. "ಅಲ್ಲಿ ಗ್ವಾಡಿ ಐತಿ ಅಂತ ನಿನಗ ಗೊತ್ತಿಲ್ಲೇನು? ದೋಣಿ ಒಡಿಯಬೇಕಂತ ಇಟ್ಟ್ಯೇನು?"

ಗುರುಸಿದ್ದ ತಲೆ ಎತ್ತಿದ. "ಬಂಡಿದಾರಿ ಅದ್ರಿ. ಊರಾಗ ಬರೂ ಮಂದಿ ಅದರ ಮ್ಯಾಲೇ ಬರಬೇಕಲ್ರಿ. ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಅದರ ಮ್ಯಾಲೇ ಬಂದಾರ. ಬೀಗರು ಬಂದ್ರ ಅದರ ಮ್ಯಾಲೆ, ಗುರುಬಸವ್ವನ್ನ ಮದವಿ ಮಾಡಿಕೊಂಡು ಬಂದಿದ್ದೂ ಅದರ ಮ್ಯಾಲೆ. ದಾರಿ ಅಂದ್ರ ನನಗ ಅದು ಬಿಟ್ಟು ಬ್ಯಾರೆ ಹೊಳಿಲಿಲ್ರಿ. ಅವತ್ತು ಅಗಸಿ ಮ್ಯಾಲೆ ನಿಂತು ನೋಡೇನ್ರಿ, ನೀರು ಎದಿಮಟಾ ಇತ್ತು. ದೋಣಿ ಹೊಕ್ಕೈತಿ ಅಂದುಕೊಂಡ್ನಿ."

ಆ ಮೇಲೆ ಕಾಲುವೆಗೆ ನೀರು ಬಿಟ್ಟರು. ಹಿನ್ನೀರು ದಿನಾ ಇಷ್ಟಿಷ್ಟು ಇಳಿಯುತ್ತ ಬಂತು. ನೀರಿನ ಮೇಲೆ ಬದುಕುವವನಿಗೆ ಇದು ಹೇಳಬೇಕಾದ ಮಾತಲ್ಲ. ಗುರುಸಿದ್ದ ಇಪ್ಪತ್ತೈದು ವರ್ಷದಿಂದ ಮಗ್ಗದ ಮುಂದೆ ನಿಂತವನು. ಅವನಿಗೆ ಊರಿನ ಒಂದೊಂದು ಕಲ್ಲೂ ನೆನಪಿತ್ತು, ನೀರಿನ ಲೆಕ್ಕ ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಅವನನ್ನು ಬಂಧಿಸಲಾಯಿತು. ಮನೆಯವರಿಗೆ ತಿಳಿಸಬೇಕೆಂಬ ನಿಯಮದಂತೆ ಜೀಪು ಅವನ ಮನೆಯ ಮುಂದೆ ನಿಂತಿತು. ಅವನ ಈಗಿನ ಹೆಂಡತಿ ಸುಂದರವ್ವ ಹೊರಗೆ ಬಂದಳು. ಕುಡುಗೋಲು ಎಲ್ಲಿದೆ ಎಂದು ಕೇಳಿದಾಗ ಒಳಗಿನಿಂದ ತಂದು ಸುವರ್ಣಾಳ ಕೈಗೆ ಕೊಟ್ಟಳು. ಗಂಡ ಮಾಡಿದ್ದು ನಿನಗೆ ಗೊತ್ತಿತ್ತೇ ಎಂದು ಸುವರ್ಣಾ ಕೇಳಿದಳು.

"ಗೊತ್ತಿತ್ತವಾ. ನಾನ ಅಂದ್ನಿ, ಗುರುಬಸವ್ವ ಅಕ್ಕನ ತಲಿ ಮ್ಯಾಲೆ ಕುಣಿಯಾಕತ್ತಾರ, ನೀ ಸುಮ್ಮ ನಿಂತು ನೋಡತಿಯಲ್ಲ ಅಂತ." ಸುಂದರವ್ವ ಸೆರಗಿನಿಂದ ಬಾಯಿ ಒತ್ತಿ ಹಿಡಿದು, ಮತ್ತೆ ತೆಗೆದಳು. "ನಿನ್ನೆ ಸತ್ತಾಕಿಗೆ ಮಕ್ಕಳದಾವೇನವಾ?"

"ಇಬ್ಬರು," ಎಂದಳು ಸುವರ್ಣಾ.

ಸುಂದರವ್ವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಗುರುಸಿದ್ದ ಜೀಪಿನಿಂದ ಅವಳನ್ನು ನೋಡಲಿಲ್ಲ.

ಠಾಣೆ ಮುಟ್ಟಿದ ಕೂಡಲೇ ಶಿವಪುತ್ರ ಹುಲೆಪ್ಪನ ಮೇಲಿನ ಕುಡಿತದ ಕಲಂ ಕೈಬಿಡುವಂತೆ ಕಾಗದಪತ್ರ ಮಾಡಿದ. ದೋಣಿಗೆ ದಾರಿ ತೋರಿಸುವ ಗುರುತನ್ನು ದಿಕ್ಕು ತಪ್ಪುವಂತೆ ಇಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆಯದೇ ಕಲಂ ಇದೆ. ಆ ಠಾಣೆಯಲ್ಲಿ ಅದನ್ನು ಯಾರೂ ಹಿಂದೆ ಬಳಸಿರಲಿಲ್ಲ, ಪುಸ್ತಕ ತೆಗೆದು ಓದಿ ಹಾಕಬೇಕಾಯಿತು. ಪರವಾನಗಿ ಇಲ್ಲದ, ಜಾಕೀಟು ಸಾಲದ ದೋಣಿ ಓಡಿಸಿದ್ದಕ್ಕೆ ಗೌರೀಶನ ಹೆಸರೂ ಆರೋಪಿಗಳ ಸಾಲಿಗೆ ಬಂತು. ತನ್ನ ಪರ ಯಾರಿಂದಲೋ ಫೋನು ಮಾಡಿಸಿದ್ದ ಗೌರೀಶ ಠಾಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದ. ಎದ್ದು ನಿಲ್ಲಲು ಶಿವಪುತ್ರ ಹೇಳಿದ.

"ಸರ, ನಾ ಏನ್ ಮಾಡೇನಿ? ಡಬ್ಬಿ ಸರಿಸಿದ್ದು ಅಂವ."

"ಜಾಕೀಟು ಇದ್ದಿದ್ರ ಆ ಹೆಣ್ಣಮಗಳು ಈಗ ತೇರದಾಳದಾಗ ಇರ್ತಿದ್ಳು," ಎಂದ ಶಿವಪುತ್ರ. "ಕಲ್ಲಿನ ಮ್ಯಾಲೆ ಹೆಸರು ಬರದೈತೇನು ಅಂತ ಕೇಳಿದ್ದಿ ನೋಡು. ನಿಂದು ನಾ ಈಗ ಬರದೇನಿ, ಓದಿಕೋ."

ನೇಮಿರಾಜನಿಗೂ ಫೋನು ಮಾಡಿ ವಿಷಯ ತಿಳಿಸಿದರು. ಮರಣೋತ್ತರ ಪರೀಕ್ಷೆ ಮುಗಿಸಿ ಹೆಣ ಕೊಟ್ಟಿದ್ದರು, ಅವನು ಅಂತ್ಯಕ್ರಿಯೆಯಲ್ಲಿದ್ದ. ಎಲ್ಲ ಕೇಳಿಸಿಕೊಂಡು, ದೋಣಿಯವನನ್ನು ಬಿಡಿ ಎಂದಷ್ಟೇ ಹೇಳಿದ. ಅವಸರ ಮಾಡಿದ್ದನ್ನೂ ತನ್ನ ಹೇಳಿಕೆಯಲ್ಲಿ ಸೇರಿಸಿಕೊಳ್ಳಿ ಎಂದ.

ಗುರುಸಿದ್ದನಿಗೆ ಯಾರನ್ನೂ ಕೊಲ್ಲುವ ಉದ್ದೇಶವಿರಲಿಲ್ಲ. ದುಡ್ಡು ಬೇಕಿರಲಿಲ್ಲ, ಸೇಡೂ ಅಲ್ಲ. ಹೆಂಡತಿ ಮಲಗಿದ ಜಾಗವನ್ನು ಬಿಟ್ಟು ಜನ ನಾಲ್ಕು ಮಾರು ಆಚೆ ಹೋಗಲಿ ಎಂಬಷ್ಟೇ ಅವನ ಆಸೆ. ಬಾಯಿಂದ ಕೇಳಿ ನೋಡಿದ, ನಕ್ಕರು. ಆ ಮೇಲೆ ಕೈಯಿಂದ ಮಾಡಿದ. ಕೋರ್ಟು ಇದಕ್ಕೆ ಎಷ್ಟು ತೂಕ ಕೊಡುತ್ತದೋ ಕೋರ್ಟಿಗೆ ಬಿಟ್ಟದ್ದು. ಉಜ್ವಲಾ ಎಂಬ ಹೆಣ್ಣುಮಗಳಿಗೆ ಆ ಸಮಾಧಿ ಯಾರದೆಂದು ಗೊತ್ತಿರಲಿಲ್ಲ, ಅಲ್ಲಿ ಅವಳು ಹಾಡಿರಲಿಲ್ಲ, ಕುಣಿದಿರಲಿಲ್ಲ.

ಸಂಜೆ ಐದೂವರೆಗೆ ಹುಲೆಪ್ಪನ ಬಿಡುಗಡೆಯ ಕಾಗದಕ್ಕೆ ಸಹಿ ಬಿತ್ತು. ಅವನು ಲಾಕಪ್‌ನಿಂದ ಹೊರಗೆ ಬರುವಾಗ ಗುರುಸಿದ್ದನನ್ನು ಒಳಗೆ ಕರೆದೊಯ್ಯುತ್ತಿದ್ದರು. ಕಿರಿದಾದ ಓಣಿಯಂಥ ಜಾಗ, ಇಬ್ಬರೂ ಎದುರುಬದುರು ನಿಂತರು. ಸುವರ್ಣಾ ಗುರುಸಿದ್ದನ ತೋಳು ಹಿಡಿದಿದ್ದಳು, ಅವಳು ಎಳೆಯಲಿಲ್ಲ.

"ತಪ್ಪಾತೋ ಹುಲೆಪ್ಪಾ," ಎಂದ ಗುರುಸಿದ್ದ.

"ಗಂಟು ನೋಡಿ ನೀನ ಅಂತ ಅನಿಸಿತ್ತು. ಹೇಳಾಕ ಬಾಯಿ ಬರಲಿಲ್ಲ." ಹುಲೆಪ್ಪ ಕೊರಳ ಟವೆಲ್ ತೆಗೆದು ಕೈಯಲ್ಲಿ ಹಿಂಡಿದ. "ನನಗ ಒಂದು ಮಾತು ಹೇಳಬಾರದಿತ್ತೇನಲೇ? ನಾನ ಸರಿಸಿ ಕೊಡ್ತಿದ್ನಿ. ಆಳ ನೋಡಿ ಸರಿಸ್ತಿದ್ನಿ."

"ನೀ ಅವರ ಪಗಾರದ ಮನಿಶಾ ಅಂತ ಕೇಳಲಿಲ್ಲ."

ಹೊರಗೆ ಅನಸವ್ವ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಹುಲೆಪ್ಪ ಹೋಗಿ ಅದರಲ್ಲಿ ಎರಡು ರೊಟ್ಟಿ ತೆಗೆದುಕೊಂಡು ಮರಳಿ ಬಂದು, ಗುರುಸಿದ್ದನ ಕೈಯಲ್ಲಿಟ್ಟು, ಹಿಂದೆ ನೋಡದೆ ಮೆಟ್ಟಿಲಿಳಿದ.